ಒಂದು ಯಂತ್ರ, ಏಳು ಸರ್ವರುಗಳು: ಸ್ಮೃತಿಯ ಮಿತಿಯನ್ನು ಕುರಿತು ಒಂದು ಅಭ್ಯಾಸ

ನಮ್ಮ ಸಂಸ್ಥೆಯ ಶಿವಮೊಗ್ಗ ಹಾಗೂ ಭದ್ರಾವತಿಯ ಎರಡು ಪ್ರೌಢಶಾಲೆಗಳ ಗಣಕಕಾರ್ಯವೆಲ್ಲವೂ ಒಂದೇ ಯಂತ್ರದಿಂದ ನಡೆಯುತ್ತಿದೆ ಎಂಬುದು ಈ ಸಂಚಿಕೆಯ ವಾಚಕರಲ್ಲಿ ಅನೇಕರಿಗೆ ತಿಳಿದಿರುವ ಸಂಗತಿ. 2022ನೆಯ ಇಸವಿಯಲ್ಲಿ ಹಳೆಯ ವಿದ್ಯಾರ್ಥಿಗಳು ತಮ್ಮತಮ್ಮೊಳಗೆ ವಂತಿಗೆ ಕೂಡಿಸಿ ಆ ಯಂತ್ರವನ್ನು ಕೊಡಿಸಿದರು. ಅದು ಶಿವಮೊಗ್ಗದ ಶಾಲೆಯ ಗ್ರಂಥಾಲಯಕ್ಕೆ ಹೊಂದಿಕೊಂಡ ಚಿಕ್ಕ ಕೊಠಡಿಯಲ್ಲಿದೆ. ಇಪ್ಪತ್ತು ಕಿಲೋಮೀಟರಿಗೆ ಒಳಗಿರುವ ಭದ್ರಾವತಿಯ ಶಾಲೆ ಅಂತರಜಾಲದ ಮೂಲಕ ಅದನ್ನೇ ಬಳಸುತ್ತದೆ. ಗಣಿತದ ಅಧ್ಯಾಪಕನಾದ ನನಗೆ ಅದರ ಮೇಲ್ವಿಚಾರಣೆ ಬಂದುದು ಯಾವ ವಿಶೇಷ ಅರ್ಹತೆಯಿಂದಲೂ ಅಲ್ಲ. ಕೊಠಡಿಯ ಬೀಗದ ಕೈ ನನ್ನಲ್ಲಿತ್ತು, ಅಷ್ಟೆ.

2023ರ ಫೆಬ್ರವರಿಯ ಒಂದು ಸಂಜೆ, ನಾಲ್ಕು ಗಂಟೆಯ ವೇಳೆಗೆ, ನಮ್ಮ ಗುಮಾಸ್ತರು ಹತ್ತನೆಯ ತರಗತಿಯ ಆಂತರಿಕ ಮೌಲ್ಯಮಾಪನದ ಅಂಕಗಳನ್ನು ದಾಖಲಿಸುತ್ತಿದ್ದರು. ಈ ಅಂಕಗಳು ವಿದ್ಯಾರ್ಥಿಯ ಅಂತಿಮ ಫಲಿತಾಂಶಕ್ಕೆ ಸೇರತಕ್ಕವು. ಕಳುಹಿಸಲು ಉಳಿದಿದ್ದುದು ಎರಡೇ ದಿನ. ಇದ್ದಕ್ಕಿದ್ದಂತೆ ಪರದೆ ಸ್ತಬ್ಧವಾಯಿತು. ಅದೇ ಗಳಿಗೆಯಲ್ಲಿ ಭದ್ರಾವತಿಯಿಂದ ದೂರವಾಣಿ ಕರೆ ಬಂದಿತು: "ಸರ್ವರ್ ಬರುತ್ತಿಲ್ಲ, ಲೈನ್ ಹೋಗಿರಬೇಕು." ಲೈನ್ ಸರಿಯಾಗಿಯೇ ಇತ್ತು. ದಾಖಲೆಗಳ ಸರ್ವರ್ ಮಾತ್ರ, ವಿದ್ಯುತ್ತನ್ನು ಕಿತ್ತು ತೆಗೆದಂತೆ, ಯಾವ ಸೂಚನೆಯನ್ನೂ ಕೊಡದೆ ನಿಂತುಹೋಗಿತ್ತು. ಮತ್ತೆ ಎಬ್ಬಿಸಿದಾಗ ಉಳಿಸಿದ್ದ ಅಂಕಗಳು ಸುರಕ್ಷಿತವಾಗಿದ್ದವು. ಬರೆದು ಇನ್ನೂ ಉಳಿಸದೆ ಇದ್ದ ಎರಡು ವಿಭಾಗಗಳ ಅಂಕಗಳು ಹೋಗಿದ್ದವು. ಗುಮಾಸ್ತರೂ ಇಬ್ಬರು ಶಿಕ್ಷಕಿಯರೂ ರಾತ್ರಿ ಒಂಬತ್ತರವರೆಗೆ ಕುಳಿತು ಅವನ್ನು ಮತ್ತೆ ತುಂಬಿದರು. ಮರುದಿನ ಮಧ್ಯಾಹ್ನ ಅದೇ ಪುನರಾವರ್ತನೆಯಾಯಿತು.

ಆಡಳಿತ ಸಮಿತಿಯಲ್ಲಿ ವಿಷಯ ಚರ್ಚೆಗೆ ಬಂದಾಗ ಎಲ್ಲರ ಅಭಿಪ್ರಾಯವೂ ಒಂದೇ ಆಗಿತ್ತು: ಯಂತ್ರಕ್ಕೆ ಮೆಮೊರಿ ಸಾಲದು, ದಾನಿಗಳನ್ನು ಕೇಳಿ ಇನ್ನಷ್ಟು ಹಾಕಿಸಬೇಕು. ಪತ್ರವನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು, ಬರೆದೂ ಬರೆದೆ. ಆ ಪತ್ರ ಈಗಲೂ ನನ್ನ ಮೇಜಿನ ಖಾನೆಯಲ್ಲಿಯೇ ಇದೆ. ಅದು ಅಂಚೆಗೆ ಏಕೆ ಹೋಗಲಿಲ್ಲ ಎಂಬುದನ್ನು ದಾನಿಗಳ ಮುಂದೆ ನಿವೇದಿಸುವುದೂ, ಇಂತಹ ಯಂತ್ರವನ್ನು ನೋಡಿಕೊಳ್ಳುವ ಇತರ ಶಾಲೆಗಳ ಅಧ್ಯಾಪಕರಿಗೆ ನಾವು ಎಡವಿದ ಕಲ್ಲುಗಳನ್ನು ತೋರಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ವಿಷಯದ ಪರಿಚಯವನ್ನು ಸಂಕ್ಷೇಪವಾಗಿ ಮಾಡಿಕೊಡುವುದು ಅವಶ್ಯ. ಗಣಕಯಂತ್ರದ ಮೆಮೊರಿಯನ್ನು ಇಲ್ಲಿ ಸ್ಮೃತಿ ಎಂದು ಕರೆಯುತ್ತೇನೆ. ಡಿಸ್ಕು ಉಗ್ರಾಣವಾದರೆ ಸ್ಮೃತಿಯು ಅಡುಗೆಯ ಕಟ್ಟೆ. ಕೆಲಸ ನಡೆಯುವುದು ಕಟ್ಟೆಯ ಮೇಲೆಯೇ. ನಮ್ಮ ಯಂತ್ರದಲ್ಲಿರುವ ಸ್ಮೃತಿ 32 ಜಿಬಿ. ಒಂದೇ ಯಂತ್ರವನ್ನು ತಂತ್ರಾಂಶದ ಸಹಾಯದಿಂದ ಹಲವು ಯಂತ್ರಗಳೆಂಬಂತೆ ವಿಭಾಗಿಸಬಹುದು. ಹಾಗೆ ವಿಭಾಗಿಸಿದ ಒಂದೊಂದನ್ನೂ ವರ್ಚುವಲ್ ಸರ್ವರ್ ಎನ್ನುತ್ತಾರೆ. ನಿಜವಾದ ಯಂತ್ರವು ಆತಿಥೇಯ, ಅದರೊಳಗಿನವು ಅತಿಥಿಗಳು. ಪ್ರತಿಯೊಂದು ಅತಿಥಿಯೂ ತನಗೊಂದು ಸ್ವತಂತ್ರ ಯಂತ್ರವಿದೆಯೆಂದೇ ಭಾವಿಸಿ ನಡೆಯುತ್ತದೆ. ಪಕ್ಕದಲ್ಲಿ ಇನ್ನಾರು ಮಂದಿ ಇದ್ದಾರೆಂಬ ಅರಿವು ಅದಕ್ಕಿಲ್ಲ. ನಾವು ಲಿನಕ್ಸ್ ವ್ಯವಸ್ಥೆಯನ್ನೂ ಅದರೊಳಗೆ 2007ರಲ್ಲಿ ಸೇರ್ಪಡೆಯಾದ ಕೆವಿಎಂ ಎಂಬ ಸೌಲಭ್ಯವನ್ನೂ ಬಳಸುತ್ತೇವೆ. ನಮ್ಮ ಅತಿಥಿಗಳು ಏಳು. ವಿದ್ಯಾರ್ಥಿ ದಾಖಲೆಗಳಿಗೆ 10 ಜಿಬಿ, ಪಾಠಗಳ ತಾಣಕ್ಕೆ 8, ಹಳೆಯ ವಾರ್ಷಿಕ ಸಂಚಿಕೆಗಳ ಸ್ಕ್ಯಾನಿಂಗಿಗೆ 6, ಗ್ರಂಥಾಲಯದ ಸೂಚಿಗೆ 5, ಕಡತಗಳಿಗೆ 4, ಪ್ರಯೋಗಕ್ಕೆಂದು ಇಟ್ಟ ಒಂದಕ್ಕೆ 4, ಜಾಲತಾಣಕ್ಕೆ 3.

ಗಣಿತದ ಅಧ್ಯಾಪಕನು ಈ ಸಂಖ್ಯೆಗಳನ್ನು ಮೊದಲೇ ಕೂಡಬೇಕಾಗಿತ್ತು ಎಂದು ವಾಚಕರು ಆಕ್ಷೇಪಿಸಿದರೆ ನನ್ನಲ್ಲಿ ಉತ್ತರವಿಲ್ಲ. ಮೊತ್ತ 40. ಇರುವುದು 32.

ಆದರೆ ಇದು ಕೇವಲ ಅಜಾಗರೂಕತೆಯಲ್ಲ. ಇಂತಹ ವಾಗ್ದಾನಕ್ಕೆ ಈ ವಿದ್ಯೆಯಲ್ಲಿ ಒಂದು ಸಂಪ್ರದಾಯವೇ ಇದೆ. ನಮ್ಮ ಪ್ರಸಾದನಿಲಯದಲ್ಲಿ ನೂರು ವಿದ್ಯಾರ್ಥಿಗಳಿಗೆ ಚೀಟಿ ಕೊಟ್ಟಿದ್ದರೂ ಭಾನುವಾರ ನೂರು ಮಂದಿಗೆ ಅಕ್ಕಿ ಹಾಕುವುದಿಲ್ಲ. ಊರಿಗೆ ಹೋದವರೆಷ್ಟು, ಉಳಿದವರೆಷ್ಟು ಎಂಬ ಅಂದಾಜು ಅಡುಗೆಯವರಿಗೆ ಇರುತ್ತದೆ. ಆತಿಥೇಯ ಯಂತ್ರವೂ ಹೀಗೆಯೇ. 10 ಜಿಬಿ ಎಂದು ಮಾತು ಕೊಟ್ಟ ಅತಿಥಿಗೆ ಅಷ್ಟನ್ನೂ ಮೊದಲೇ ಎತ್ತಿಡುವುದಿಲ್ಲ. ಅತಿಥಿಯು ಸ್ಮೃತಿಯ ಒಂದೊಂದು ಪುಟವನ್ನು ಮೊದಲ ಬಾರಿ ಮುಟ್ಟಿದಾಗ ಮಾತ್ರ ಆತಿಥೇಯವು ನಿಜವಾದ ಪುಟವನ್ನು ಒದಗಿಸುತ್ತದೆ. ಪುಟವೆಂದರೆ ಸಾಮಾನ್ಯವಾಗಿ 4 ಕೆಬಿ ಗಾತ್ರದ ತುಂಡು. ಇದರಿಂದಾಗಿಯೇ ಇರುವುದಕ್ಕಿಂತ ಹೆಚ್ಚಿನದನ್ನು ಹಂಚುವುದು ಸಾಧ್ಯವಾಗುತ್ತದೆ. ಬಹುಕಾಲ ಯಾರಿಗೂ ತಿಳಿಯದೆಯೂ ಹೋಗುತ್ತದೆ.

ಈ ಹಂಚಿಕೆಯ ಇತಿಹಾಸ ನಾವು ಊಹಿಸುವುದಕ್ಕಿಂತ ಹಳೆಯದು. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐ.ಬಿ.ಎಂ. ಸಂಸ್ಥೆಯ ವೈಜ್ಞಾನಿಕ ಕೇಂದ್ರದಲ್ಲಿ 1967ರಲ್ಲಿಯೇ ಸಿಪಿ-40 ಎಂಬ ವ್ಯವಸ್ಥೆಯು ಒಂದು ಯಂತ್ರವನ್ನು ಏಕಕಾಲಕ್ಕೆ ಹದಿನಾಲ್ಕು ಯಂತ್ರಗಳಂತೆ ತೋರಿಸುತ್ತಿತ್ತು. ಮರುವರ್ಷ, 1968ರಲ್ಲಿ, ಪೀಟರ್ ಡೆನ್ನಿಂಗ್ ಎಂಬ ವಿದ್ವಾಂಸರು ಒಂದು ಮುಖ್ಯವಾದ ವಿಚಾರವನ್ನು ಪ್ರತಿಪಾದಿಸಿದರು. ಒಂದು ಕಾರ್ಯಕ್ರಮವು ಕೇಳಿದ ಸ್ಮೃತಿ ಎಷ್ಟೇ ಇರಲಿ, ಯಾವುದೇ ಅಲ್ಪಾವಧಿಯಲ್ಲಿ ಅದು ನಿಜವಾಗಿ ಮುಟ್ಟುವ ಪುಟಗಳ ಸಮೂಹ ಅದಕ್ಕಿಂತ ಚಿಕ್ಕದು. ಈ ಸಮೂಹಕ್ಕೆ ಎಡೆ ದೊರೆತರೆ ಕೆಲಸ ಸಾಗುತ್ತದೆ, ದೊರೆಯದಿದ್ದರೆ ಯಂತ್ರವು ಕೆಲಸವನ್ನು ಬಿಟ್ಟು ಪುಟಗಳನ್ನು ಡಿಸ್ಕಿಗೂ ಸ್ಮೃತಿಗೂ ಹೊರುವುದರಲ್ಲಿಯೇ ಕಾಲ ಕಳೆಯುತ್ತದೆ. ನಾವು ಅತಿಥಿಗಳಿಗೆ ಕೊಟ್ಟದ್ದು ಅವು ಕೇಳಿದಷ್ಟು. ಅಳೆಯಬೇಕಾಗಿದ್ದುದು ಅವು ದುಡಿಸಿಕೊಳ್ಳುವ ಈ ಸಮೂಹವನ್ನು. ಈ ವ್ಯತ್ಯಾಸ ನನಗೆ ಅರ್ಥವಾದುದು ಬಹಳ ತಡವಾಗಿ.

ಮೊದಲು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಫೆಬ್ರವರಿಗೆ ಎರಡು ತಿಂಗಳ ಮುಂಚೆಯೇ ಯಂತ್ರ ಮಂದಗತಿಯಾಗಿತ್ತು. ಆಗ ನಾನು ಸ್ಕ್ಯಾನಿಂಗಿನ ಅತಿಥಿಯೊಳಗೆ ಹೋಗಿ ‘ಫ್ರೀ’ ಎಂಬ ಆಜ್ಞೆಯನ್ನು ಕೊಟ್ಟೆ. ಖಾಲಿ ಇರುವ ಸ್ಮೃತಿ 180 ಎಂಬಿ ಎಂದು ಬಂದಿತು. ಆರು ಜಿಬಿಯಲ್ಲಿ ಇಷ್ಟೇ ಉಳಿದಿದೆಯಲ್ಲ ಎಂದು ಗಾಬರಿಯಾಗಿ ಅದರ ಪಾಲನ್ನು 6ರಿಂದ 8ಕ್ಕೆ ಏರಿಸಿದೆ. ಮೊತ್ತ 42 ಆಯಿತು. ವಾಸ್ತವದಲ್ಲಿ ಅಲ್ಲಿ ಕೊರತೆಯೇ ಇರಲಿಲ್ಲ. ಲಿನಕ್ಸ್ ಖಾಲಿ ಸ್ಮೃತಿಯನ್ನು ಖಾಲಿಯಾಗಿ ಬಿಡುವುದಿಲ್ಲ. ಓದಿದ ಕಡತಗಳನ್ನು ಮತ್ತೆ ಬೇಕಾದೀತೆಂದು ಅಲ್ಲಿಯೇ ಇರಿಸಿಕೊಳ್ಳುತ್ತದೆ, ಅವಶ್ಯವಾದಾಗ ಬಿಟ್ಟುಕೊಡುತ್ತದೆ. ಆದುದರಿಂದ ‘ಫ್ರೀ’ ಎಂಬ ಅಂಕಣವನ್ನಲ್ಲ, ಕೊನೆಯ ‘ಅವೈಲಬಲ್’ ಎಂಬ ಅಂಕಣವನ್ನು ನೋಡಬೇಕು. ಈ ಅಂದಾಜನ್ನು ಲಿನಕ್ಸ್ ತಾನೇ ಲೆಕ್ಕಹಾಕಿ ತೋರಿಸತೊಡಗಿದ್ದು 2014ರಿಂದ. ಅಂದು ಆ ಅಂಕಣದಲ್ಲಿದ್ದುದು 3 ಜಿಬಿಗಿಂತ ಹೆಚ್ಚು. ನಾನು ನೋಡಲಿಲ್ಲ. ಹೀಗೆ ಹಸಿವಿಲ್ಲದವನಿಗೆ ಎರಡು ಜಿಬಿ ಬಡಿಸಿ ಉಳಿದವರ ಪಂಕ್ತಿಯನ್ನು ಇಕ್ಕಟ್ಟು ಮಾಡಿದವನು ನಾನೇ.

ದಾನಿಗಳಿಗೆ ಪತ್ರ ಬರೆದ ದಿನದ ರಾತ್ರಿ, ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿಯಲ್ಲಿ ಸಿಕ್ಕಿದರು. ವೃತ್ತಾಂತವನ್ನೆಲ್ಲ ಕೇಳಿ, "ಸಾರ್, ಮೆಮೊರಿ ಸಾಲದು ಅಂತ ಹೇಳಿದವರು ಯಾರು? ಅತಿಥಿಯೋ, ಆತಿಥೇಯನೋ, ಅಥವಾ ನಡುವೆ ಯಾರಾದರೂ ಬೇಲಿ ಹಾಕಿದ್ದಾರೋ? ಮೊದಲು ಅದನ್ನ ನೋಡಿ, ಆಮೇಲೆ ಪತ್ರ ಹಾಕಿ," ಎಂದರು. "ಎಲ್ಲಾ ಒಂದೇ ಅಲ್ಲವೇನಪ್ಪಾ?" ಎಂದೆ. "ಅಲ್ಲ ಸಾರ್. ಲಾಗ್ ತೆಗೆದು ಓದಿ, ಅದರಲ್ಲೇ ಬರೆದಿರತ್ತೆ."

ಲಾಗ್ ಎಂದರೆ ಯಂತ್ರವು ತಾನೇ ಬರೆದುಕೊಳ್ಳುವ ದಿನಚರಿ. ‘ಡಿಮೆಸ್ಗ್’ ಎಂಬ ಆಜ್ಞೆಯಿಂದ ಅದನ್ನು ಓದಬಹುದು; ಯಂತ್ರವನ್ನು ಮತ್ತೆ ಎಬ್ಬಿಸಿದ್ದರೆ ಹಿಂದಿನ ದಿನಚರಿಯನ್ನು ‘ಜರ್ನಲ್‌ಸಿಟಿಎಲ್’ ಎಂಬುದರಿಂದ ತೆಗೆಯಬೇಕು. ಆ ದಿನಗಳಲ್ಲಿ ನಮ್ಮಲ್ಲಿ ಬರುತ್ತಿದ್ದ ದೂರು ಮೂರು ಕಡೆಯದು. ದಾಖಲೆಗಳ ಸರ್ವರ್ ನಿಲ್ಲುತ್ತಿತ್ತು. ಭದ್ರಾವತಿಯಲ್ಲಿ ಕಿರುಪರೀಕ್ಷೆ ನಡೆಸುವಾಗ ಪಾಠಗಳ ತಾಣ ನಿಲ್ಲುತ್ತಿತ್ತು. ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವಾಗ ಆಗಾಗ ಹುಡುಕಾಟ ನಿಲ್ಲುತ್ತಿತ್ತು. ಹೇಳುವ ಮಾತು ಎಲ್ಲರದೂ ಒಂದೇ: ಸರ್ವರ್ ಬರುತ್ತಿಲ್ಲ. ಆದುದರಿಂದ ರೋಗವೂ ಒಂದೇ ಎಂದು ನಾವು ತಿಳಿದಿದ್ದೆವು. ದಿನಚರಿಗಳನ್ನು ತೆರೆದಾಗ ಮೂರೂ ಬೇರೆಬೇರೆಯಾಗಿದ್ದವು.

ದಾಖಲೆಗಳ ಅತಿಥಿಯ ಒಳಗಿನ ದಿನಚರಿಯಲ್ಲಿ ಏನೂ ಇರಲಿಲ್ಲ. ನಾಲ್ಕು ಗಂಟೆಯವರೆಗೆ ಎಲ್ಲವೂ ಕ್ಷೇಮ, ಅನಂತರ ಶೂನ್ಯ. ಕೊಲೆಯಾದವನು ತನ್ನ ದಿನಚರಿಯಲ್ಲಿ ಬರೆದಿಡಲಾರನಷ್ಟೆ. ಆದರೆ ಆತಿಥೇಯದ ದಿನಚರಿಯಲ್ಲಿ ಅದೇ ನಿಮಿಷಕ್ಕೆ ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೋಸೆಸ್’ ಎಂದೂ ಮುಂದೆ ಕೆಮು ಎಂಬ ಹೆಸರೂ ಇತ್ತು. ಕೆಮು ಎಂಬುದು ಅತಿಥಿಯೊಂದನ್ನು ನಡೆಸುವ ಕಾರ್ಯಕ್ರಮ. ಆತಿಥೇಯದ ದೃಷ್ಟಿಯಲ್ಲಿ ಇಡೀ ಅತಿಥಿಯಂತ್ರವೇ ಅಂತಹ ಒಂದು ಪ್ರಕ್ರಿಯೆ. ಇರುವ ಸ್ಮೃತಿಯೂ ಮುಗಿದು, ಸ್ವಾಪ್ ಎಂದು ಡಿಸ್ಕಿನಲ್ಲಿ ಮೀಸಲಿಟ್ಟ ಸ್ಥಳವೂ ಮುಗಿದಾಗ ಲಿನಕ್ಸ್ ಒಂದು ಪ್ರಕ್ರಿಯೆಯನ್ನು ಆರಿಸಿ ಕೊಂದು ಉಳಿದವನ್ನು ಬದುಕಿಸುತ್ತದೆ.

ಯಾವುದನ್ನು ಆರಿಸುತ್ತದೆ ಎಂಬುದು ಇಲ್ಲಿನ ತಿರುಳು. ಅದು ತಪ್ಪಿತಸ್ಥನನ್ನು ಹುಡುಕುವುದಿಲ್ಲ. ಅತಿ ಹೆಚ್ಚು ಸ್ಮೃತಿಯನ್ನು ಹಿಡಿದಿರುವವನನ್ನು ಹುಡುಕುತ್ತದೆ. ನಮ್ಮಲ್ಲಿ ಎಲ್ಲಕ್ಕಿಂತ ಮುಖ್ಯವೆಂದು ಎಲ್ಲಕ್ಕಿಂತ ದೊಡ್ಡ ಪಾಲನ್ನು ಕೊಟ್ಟಿದ್ದುದು ದಾಖಲೆಗಳ ಸರ್ವರಿಗೆ. ಆದುದರಿಂದಲೇ ಮೊದಲು ಬಲಿಯಾದುದೂ ಅದೇ. ಆ ಸಂಜೆ ಅದು ತನ್ನ ಪಾಲಿನೊಳಗೇ ಇದ್ದು ಸಭ್ಯವಾಗಿ ಕೆಲಸ ಮಾಡುತ್ತಿತ್ತು.

ಹಾಗಾದರೆ ತಪ್ಪಿತಸ್ಥರು ಯಾರು? ಇದನ್ನು ಹೇಳುವಾಗ ನನಗೆ ಸ್ವಲ್ಪ ಸಂಕೋಚವಾಗುತ್ತದೆ, ಏಕೆಂದರೆ ಅದು ಈ ಸಂಚಿಕೆಯ ವಾಚಕರ ಆಶಯದ ಕೆಲಸವೇ ಆಗಿತ್ತು. ಹಳೆಯ ವಾರ್ಷಿಕ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ, ಅಕ್ಷರಗಳನ್ನು ಗುರುತಿಸಿ, ಹೆಸರಿನಿಂದ ಹುಡುಕಲು ಬರುವಂತೆ ಮಾಡಬೇಕೆಂದು ಹಲವರು ಕೇಳಿದ್ದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು, ತಾವು ವಿದ್ಯಾರ್ಥಿಯಾಗಿ ಬರೆದ ಪ್ರಬಂಧವೊಂದು ಯಾವುದೋ ಸಂಚಿಕೆಯಲ್ಲಿದೆಯೆಂದೂ ಅದನ್ನು ಮೊಮ್ಮಕ್ಕಳಿಗೆ ತೋರಿಸಬೇಕೆಂದೂ ಎರಡು ಬಾರಿ ಶಾಲೆಗೆ ಬಂದುಹೋಗಿದ್ದರು. ಆ ಕೆಲಸವನ್ನು ಬೇಗ ಮುಗಿಸಲೆಂದು ನಾನು ಏಕಕಾಲಕ್ಕೆ ಎಂಟು ಪುಟಗಳಂತೆ ಹಗಲಿನಲ್ಲಿಯೇ ಓಡಿಸುತ್ತಿದ್ದೆ.

ಇಲ್ಲಿ ಒಂದು ಲೆಕ್ಕವನ್ನು ಮಾಡಬೇಕು. ಎ4 ಗಾತ್ರದ ಒಂದು ಹಾಳೆಯನ್ನು ಅಂಗುಲಕ್ಕೆ 600 ಬಿಂದುಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಅಗಲಕ್ಕೆ 4960, ಎತ್ತರಕ್ಕೆ 7016 ಬಿಂದುಗಳು. ಒಟ್ಟು ಸುಮಾರು 3 ಕೋಟಿ 48 ಲಕ್ಷ ಬಿಂದುಗಳು. ಒಂದೊಂದಕ್ಕೆ 3 ಬೈಟಿನಂತೆ 10 ಕೋಟಿ 44 ಲಕ್ಷ ಬೈಟುಗಳು, ಎಂದರೆ 100 ಎಂಬಿಯಷ್ಟು. ಡಿಸ್ಕಿನಲ್ಲಿ ಸಂಕುಚಿಸಿಟ್ಟ ಅದೇ ಕಡತ ನಾಲ್ಕೈದು ಎಂಬಿ ಇರಬಹುದು. ಆದರೆ ಕೆಲಸಕ್ಕೆ ತೆಗೆದೊಡನೆ ಅದು ಬಿಚ್ಚಿಕೊಂಡು ಪೂರ್ಣ ಗಾತ್ರವನ್ನು ತಾಳುತ್ತದೆ. ಓರೆಯನ್ನು ಸರಿಪಡಿಸಲು ಒಂದು ಪ್ರತಿ, ಕಲೆ ತೆಗೆಯಲು ಇನ್ನೊಂದು, ಕಪ್ಪುಬಿಳುಪಿಗೆ ಮತ್ತೊಂದು. ಹೀಗೆ ಎಂಟು ಪುಟಗಳು ಒಮ್ಮೆಗೇ ನಡೆದಾಗ, ಅಲ್ಲಿಯವರೆಗೆ ಎರಡು ಜಿಬಿಯನ್ನು ಮಾತ್ರ ಮುಟ್ಟಿದ್ದ ಆ ಅತಿಥಿಯು ಕ್ರಮೇಣ ತನ್ನ ಎಂಟು ಜಿಬಿಯನ್ನೂ ಮುಟ್ಟಿಬಿಟ್ಟಿತು.

ಮುಟ್ಟಿದ್ದರೇನು, ಕೆಲಸ ಮುಗಿದ ಮೇಲೆ ಬಿಡಲಿಲ್ಲವೇ ಎಂದು ಕೇಳಬಹುದು. ಬಿಟ್ಟಿತು; ಆದರೆ ಆತಿಥೇಯಕ್ಕೆ ಅದು ಗೊತ್ತಾಗಲಿಲ್ಲ. ನಮ್ಮ ಭದ್ರಾ ಜಲಾಶಯವನ್ನು ನೆನೆಯಿರಿ. ಲಕ್ಕವಳ್ಳಿಯ ಆ ಅಣೆಕಟ್ಟು 186 ಅಡಿ ತುಂಬಿದಾಗ ಹಿಡಿಯುವ ನೀರು 71.5 ಟಿಎಂಸಿ. ನಾಲೆಯ ಮೇಲುಭಾಗದ ಗದ್ದೆಗೆ ನೀರು ಸಾಕಾದ ಮೇಲೂ ರೈತನು ತೂಬನ್ನು ಮುಚ್ಚದಿದ್ದರೆ, ಅಣೆಕಟ್ಟೆಯ ಮೇಲೆ ನಿಂತ ಅಧಿಕಾರಿಗೆ ಅದು ಕಾಣುವುದಿಲ್ಲ; ಒಣಗುವುದು ದಾವಣಗೆರೆ ಕಡೆಯ ಕೊನೆಯ ಭಾಗದ ಗದ್ದೆ. ಅತಿಥಿಯು ತನ್ನೊಳಗೆ ಖಾಲಿಯೆಂದು ಗುರುತುಮಾಡಿದ ಪುಟವೂ ಆತಿಥೇಯದ ಲೆಕ್ಕದಲ್ಲಿ ಕೊಟ್ಟ ಪುಟವಾಗಿಯೇ ಉಳಿಯುತ್ತದೆ. ಹೀಗಾಗಿ ಆತಿಥೇಯದ ಖರ್ಚು ಏರುವುದುಂಟು, ತಾನಾಗಿ ಇಳಿಯುವುದಿಲ್ಲ. ಯಂತ್ರವನ್ನು ಎಬ್ಬಿಸಿದ ದಿನ 14 ಜಿಬಿ ಇದ್ದ ಬಳಕೆ ವಾರ ಕಳೆಯುವಷ್ಟರಲ್ಲಿ 24 ದಾಟುತ್ತಿತ್ತು. ಎಬ್ಬಿಸಿದ ಕೂಡಲೇ ಎಲ್ಲವೂ ಸರಿಹೋಗುತ್ತಿದ್ದುದಕ್ಕೂ, ಮೂರನೆಯ ವಾರ ಬರುವಷ್ಟರಲ್ಲಿ ಮತ್ತೆ ಕೆಡುತ್ತಿದ್ದುದಕ್ಕೂ ಇದೇ ಕಾರಣ. ಫೆಬ್ರವರಿಯಲ್ಲಿ ಮರುದಿನವೇ ಬಿದ್ದುದೇಕೆಂದರೆ ಕೊಂದದ್ದು ಒಬ್ಬ ಅತಿಥಿಯನ್ನು ಮಾತ್ರ; ಉಳಿದ ಆರು ತಾವು ಹಿಡಿದದ್ದನ್ನು ಹಿಡಿದೇ ಇದ್ದವು.

ಈ ತೊಡಕಿಗೆ ಪರಿಹಾರವನ್ನು ಯೋಚಿಸಿದವರಲ್ಲಿ ಕಾರ್ಲ್ ವಾಲ್ಡ್‌ಸ್ಪರ್ಗರ್ ಅವರ ಹೆಸರನ್ನು ಹೇಳಲೇಬೇಕು. ವಿಎಂವೇರ್ ಸಂಸ್ಥೆಯಲ್ಲಿದ್ದ ಅವರು 2002ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬಲೂನಿನ ಉಪಾಯವನ್ನು ವಿವರಿಸಿದರು. ಅತಿಥಿಯ ಒಳಗೆ ಒಂದು ಚಿಕ್ಕ ಕಾರ್ಯಕ್ರಮವನ್ನು ಇಟ್ಟು, ಆತಿಥೇಯಕ್ಕೆ ಸ್ಮೃತಿ ಬೇಕಾದಾಗ ಅದನ್ನು ಬಲೂನಿನಂತೆ ಊದಿಸುವುದು. ಬಲೂನು ಅತಿಥಿಯಲ್ಲಿ ಸ್ಮೃತಿಯನ್ನು ಕೇಳುತ್ತದೆ. ಅತಿಥಿಯು ತನಗೆ ಬೇಡವಾದ ಪುಟಗಳನ್ನು ಕೊಡುತ್ತದೆ. ಬಲೂನು ಅವನ್ನು ಆತಿಥೇಯಕ್ಕೆ ಒಪ್ಪಿಸುತ್ತದೆ. ಯಾವ ಪುಟ ಬೇಡವೆಂಬುದು ಅತಿಥಿಗೆ ಮಾತ್ರ ಗೊತ್ತು ಎಂಬ ಸತ್ಯವನ್ನು ಬಳಸಿಕೊಂಡ ಜಾಣ್ಮೆ ಇದು. ಅದೇ ಪ್ರಬಂಧದಲ್ಲಿ, ಪಡೆದ ಸ್ಮೃತಿಯನ್ನು ಬಳಸದೆ ಇಟ್ಟುಕೊಂಡ ಅತಿಥಿಗೆ ತೆರಿಗೆ ಹಾಕುವ ವಿಧಾನವೂ ಇದೆ. ಅಲ್ಲಿ ಅವರು ಸೂಚಿಸಿದ ದರ ನೂರಕ್ಕೆ 75! ನಮ್ಮ ಯಂತ್ರದಲ್ಲಿಯೂ ಬಲೂನು ಇತ್ತು. ಆದರೆ ಅದು ತಾನಾಗಿ ಊದುವುದಿಲ್ಲ, ಯಾರಾದರೂ ಹೇಳಬೇಕು ಎಂಬುದು ನಮಗೆ ಗೊತ್ತಿರಲಿಲ್ಲ. 2020ರಿಂದ ಲಿನಕ್ಸ್‌ನಲ್ಲಿ ಅತಿಥಿಯು ಬಿಟ್ಟ ಪುಟಗಳನ್ನು ತಾನೇ ಆತಿಥೇಯಕ್ಕೆ ವರದಿಮಾಡುವ ಸೌಲಭ್ಯವೂ ಬಂದಿದೆ. ಅದನ್ನು ನಾವು ಮಾರ್ಚಿಯಲ್ಲಿ ಚಾಲನೆಗೊಳಿಸಿದೆವು.

ಎರಡನೆಯ ದೂರು, ಭದ್ರಾವತಿಯ ಪಾಠಗಳ ತಾಣದ್ದು, ಸಂಪೂರ್ಣವಾಗಿ ಬೇರೆ. ಅಲ್ಲಿ ಕೊಲೆಯ ವರದಿ ಇದ್ದುದು ಅತಿಥಿಯ ಒಳಗಿನ ದಿನಚರಿಯಲ್ಲಿಯೇ. ಆತಿಥೇಯದಲ್ಲಿ ಒಂದು ಸಾಲೂ ಇರಲಿಲ್ಲ. ಸತ್ತದ್ದು ದತ್ತಾಂಶ ಸಂಗ್ರಹದ ತಂತ್ರಾಂಶ. ಕಾರಣವನ್ನು ಹುಡುಕಿದಾಗ, ಜಾಲಸೇವೆಯ ತಂತ್ರಾಂಶವು ಏಕಕಾಲಕ್ಕೆ 150 ಪ್ರಕ್ರಿಯೆಗಳನ್ನು ಎಬ್ಬಿಸಬಹುದೆಂದು ಬರೆದಿದ್ದ, ಯಾರೂ ಮುಟ್ಟದ ಮೂಲ ಸಂಖ್ಯೆಯೇ ಹಾಗೆಯೇ ಇತ್ತು. ನಮ್ಮಲ್ಲಿ ಒಂದೊಂದು ಪ್ರಕ್ರಿಯೆ 60 ಎಂಬಿ ತಿನ್ನುತ್ತಿತ್ತು. 150ನ್ನು 60ರಿಂದ ಗುಣಿಸಿದರೆ 9000 ಎಂಬಿ. ಇರುವುದು 8 ಜಿಬಿ, ಅದರಲ್ಲಿಯೇ ದತ್ತಾಂಶ ಸಂಗ್ರಹವೂ ಬದುಕಬೇಕು. ಮೂರು ತರಗತಿಗಳ ಮಕ್ಕಳು ಒಂದೇ ಗಳಿಗೆಯಲ್ಲಿ ಉತ್ತರಗಳನ್ನು ಒಪ್ಪಿಸಿದಾಗ ಅದು ಬೀಳದಿದ್ದರೆ ಆಶ್ಚರ್ಯಪಡಬೇಕಾಗಿತ್ತು. ಸಂಖ್ಯೆಯನ್ನು 40ಕ್ಕೆ ಇಳಿಸಿದೆವು. ಈಗ ನಲವತ್ತೊಂದನೆಯ ವಿದ್ಯಾರ್ಥಿ ಒಂದೆರಡು ಕ್ಷಣ ಕಾಯುತ್ತಾನೆ. ಯಾರ ಉತ್ತರವೂ ಕಳೆಯುವುದಿಲ್ಲ. ವಾಚಕರು ಗಮನಿಸಬೇಕಾದ ಸಂಗತಿಯೆಂದರೆ, ದಾನಿಗಳು ಆತಿಥೇಯಕ್ಕೆ ಇನ್ನೂ 32 ಜಿಬಿ ಕೊಡಿಸಿದ್ದರೂ ಈ ದೋಷ ಕೂದಲೆಳೆಯಷ್ಟೂ ಕದಲುತ್ತಿರಲಿಲ್ಲ.

ಗ್ರಂಥಾಲಯದ ದೂರಿನಲ್ಲಿ ದಿನಚರಿಯ ಸಾಲು ‘ಮೆಮೊರಿ ಸಿಗ್ರೂಪ್ ಔಟ್ ಆಫ್ ಮೆಮೊರಿ’ ಎಂದು ಆರಂಭವಾಗುತ್ತಿತ್ತು. ಹಿಂದೆ ಸೇರಿದ ಆ ಒಂದು ಪದವೇ ಎಲ್ಲವನ್ನೂ ಹೇಳುತ್ತದೆ. ಸಿಗ್ರೂಪ್ ಎಂಬುದು ಪ್ರಕ್ರಿಯೆಗಳ ಒಂದು ಗುಂಪಿಗೆ ಹಾಕಿದ ಬೇಲಿ: ಯಂತ್ರದಲ್ಲಿ ಎಷ್ಟೇ ಸ್ಮೃತಿ ಖಾಲಿಯಿರಲಿ, ಈ ಗುಂಪು ಇಷ್ಟನ್ನು ಮೀರಕೂಡದು. ಪುಸ್ತಕ ಹುಡುಕುವ ಭಾಗವನ್ನು ಸ್ಥಾಪಿಸಿದಾಗ ಅದಕ್ಕೆ 512 ಎಂಬಿಯ ಬೇಲಿ ಹಾಕಲಾಗಿತ್ತು. ಪುಸ್ತಕಗಳ ಸಂಖ್ಯೆ ಬೆಳೆದರೂ ಬೇಲಿ ಬೆಳೆಯಲಿಲ್ಲ. ಒಂದು ಸಂಖ್ಯೆಯನ್ನು ತಿದ್ದುವುದರಿಂದ ಅದು ಮುಗಿಯಿತು. ಪ್ರಸಂಗವಶಾತ್ ಒಂದು ಮಾತು: ಲಿನಕ್ಸ್‌ನ ಈ ಸ್ಮೃತಿನಿಯಂತ್ರಕವನ್ನು ರಚಿಸಿದವರಲ್ಲಿ ಮೊದಲಿಗರು ಐ.ಬಿ.ಎಂ. ಸಂಸ್ಥೆಯ ಭಾರತದ ಲಿನಕ್ಸ್ ತಂಡದಲ್ಲಿದ್ದ ಬಲ್ಬೀರ್ ಸಿಂಗ್ ಅವರು; ರಷ್ಯದ ಪಾವೆಲ್ ಎಮೆಲ್ಯಾನೊವ್ ಅವರ ಹೆಸರೂ ಆ ಕಡತದ ತಲೆಯಲ್ಲಿ ಜೊತೆಗಿದೆ. 2008ರ ಏಪ್ರಿಲಿನಲ್ಲಿ ಬಿಡುಗಡೆಯಾದ ಲಿನಕ್ಸ್‌ನ 2.6.25ನೆಯ ಆವೃತ್ತಿಯಲ್ಲಿ ಅದು ಸೇರಿತು. ಇಂದು ಜಗತ್ತಿನಾದ್ಯಂತ ಒಂದೇ ಯಂತ್ರದಲ್ಲಿ ನೂರಾರು ಸೇವೆಗಳನ್ನು ಒಟ್ಟಿಗೆ ನಡೆಸುವವರೆಲ್ಲರೂ ಈ ಬೇಲಿಯನ್ನು ನಂಬಿದ್ದಾರೆ. ನಮ್ಮ ಮಕ್ಕಳಿಗೆ ಇಂತಹ ಹೆಸರುಗಳನ್ನು ಹೇಳುವ ಪಾಠ ಯಾವ ಪುಸ್ತಕದಲ್ಲಿಯೂ ನನಗೆ ಸಿಕ್ಕಿಲ್ಲ.

ರೋಗ ತಿಳಿದ ಮೇಲೆಯೂ ಒಮ್ಮೆ ಎಡವಿದೆ. ಇರುವುದಕ್ಕಿಂತ ಹೆಚ್ಚು ಮಾತು ಕೊಡಲೇಬಾರದು ಎಂದು ಆತಿಥೇಯಕ್ಕೆ ಕಟ್ಟುನಿಟ್ಟಾಗಿ ಹೇಳುವ ಒಂದು ವಿಧಾನ ಲಿನಕ್ಸ್‌ನಲ್ಲಿದೆ. ‘ಓವರ್‌ಕಮಿಟ್ ಮೆಮೊರಿ’ ಎಂಬ ಸಂಖ್ಯೆಯನ್ನು 2 ಎಂದು ಇಟ್ಟರೆ ಆಯಿತು. ಪ್ರಾಮಾಣಿಕವಾದ ವ್ಯವಹಾರವೆಂದು ಸಂತೋಷದಿಂದ ಒಂದು ಭಾನುವಾರ ಅದನ್ನು ಜಾರಿಗೆ ತಂದೆ. ಗ್ರಂಥಾಲಯ, ದಾಖಲೆ, ಜಾಲತಾಣ, ಈ ಮೂರು ಅತಿಥಿಗಳು ಎದ್ದವು. ನಾಲ್ಕನೆಯದು ಏಳಲಿಲ್ಲ, ಸ್ಮೃತಿಯನ್ನು ಒದಗಿಸಲಾಗದು ಎಂಬ ಉತ್ತರ ಬಂದಿತು. ನೋಡಿದರೆ ಅರ್ಧಕ್ಕಿಂತ ಹೆಚ್ಚು ಸ್ಮೃತಿ ಖಾಲಿ! ಆ ವಿಧಾನದಲ್ಲಿ ಮಾತು ಕೊಡಬಹುದಾದ ಮಿತಿ ಎಂದರೆ ಸ್ವಾಪ್‌ನ ಜೊತೆಗೆ ನಿಜವಾದ ಸ್ಮೃತಿಯ ನೂರಕ್ಕೆ 50, ನಾವಾಗಿ ಬದಲಿಸದಿದ್ದಲ್ಲಿ. ನಮ್ಮ ಸ್ವಾಪ್ 4 ಜಿಬಿ. 16 ಮತ್ತು 4 ಸೇರಿ 20. ಮೊದಲ ಮೂರರ ಮೊತ್ತ 18. ಎಂಟು ಜಿಬಿಯ ನಾಲ್ಕನೆಯದಕ್ಕೆ ಎಡೆಯೆಲ್ಲಿ? ಸೋಮವಾರ ಬೆಳಿಗ್ಗೆ ಶಾಲೆ ತೆರೆಯುವುದರೊಳಗೆ ಹಿಂದಿನ ವಿಧಾನಕ್ಕೆ ಮರಳಿದೆ.

ಸ್ವಾಪ್‌ನ ಮಾತು ಬಂದುದರಿಂದ ಇದೊಂದನ್ನು ಹೇಳಬೇಕು. ಸ್ವಾಪ್ ಹೆಚ್ಚಿಸಿದರೆ ಸಾಕೆಂದು ಸಲಹೆ ಕೊಡುವವರು ಬಹಳ. ಆದರೆ ಅತಿಥಿಗೂ ಒಂದು ಸ್ವಾಪ್, ಆತಿಥೇಯಕ್ಕೂ ಒಂದು ಸ್ವಾಪ್ ಇದ್ದಾಗ ವಿಚಿತ್ರವಾದ ಸನ್ನಿವೇಶವೊಂದು ಉಂಟಾಗುತ್ತದೆ. ಆತಿಥೇಯವು ಅತಿಥಿಯ ಒಂದು ಪುಟವನ್ನು ಡಿಸ್ಕಿಗೆ ಕಳುಹಿಸಿರುತ್ತದೆ. ಅದೇ ಪುಟವನ್ನು ಅತಿಥಿಯೂ ತನ್ನ ಡಿಸ್ಕಿಗೆ ಕಳುಹಿಸಲು ತೀರ್ಮಾನಿಸುತ್ತದೆ. ಕಳುಹಿಸಬೇಕಾದರೆ ಮೊದಲು ಓದಬೇಕು. ಆದುದರಿಂದ ಆತಿಥೇಯವು ಅದನ್ನು ಡಿಸ್ಕಿನಿಂದ ಮರಳಿ ತರುತ್ತದೆ, ಮತ್ತೆ ಡಿಸ್ಕಿಗೇ ಬರೆಯಲು. ಗೋಲ್ಡ್‌ಬರ್ಗ್ ಮತ್ತು ಹ್ಯಾಸಿಂಜರ್ ಎಂಬ ಇಬ್ಬರು 1974ರಲ್ಲಿಯೇ ಇಂತಹ ಇಮ್ಮಡಿ ಪುಟವರ್ಗಾವಣೆಯ ವೈಪರೀತ್ಯವನ್ನು ವಿವರಿಸಿದ್ದರು. ನಮ್ಮ ಯಂತ್ರ ಡಿಸೆಂಬರಿನಲ್ಲಿ ಮಂದವಾದುದರ ಹಿಂದೆ ಇದೂ ಇತ್ತು: ‘ವಿಎಂಸ್ಟಾಟ್’ ಎಂಬ ಆಜ್ಞೆಯ ಫಲಿತದಲ್ಲಿ ಸ್ವಾಪ್‌ಗೆ ಹೋಗುವ, ಬರುವ ಎರಡು ಅಂಕಣಗಳೂ ಆತಿಥೇಯದಲ್ಲಿ ಬಿಡುವಿಲ್ಲದೆ ಓಡುತ್ತಿದ್ದವು.

ಮುಂದಿನ ಎರಡು ವಾರ ಅಳತೆಯ ಕೆಲಸ ನಡೆಯಿತು. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಪ್ರತಿಯೊಂದು ಅತಿಥಿಯಲ್ಲಿ ಒಟ್ಟು ಸ್ಮೃತಿಯಿಂದ ‘ಅವೈಲಬಲ್’ ಅಂಕಣವನ್ನು ಕಳೆದು ಬರೆದಿಟ್ಟೆವು. ಒಂಬತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳು ಅದನ್ನು ನಕ್ಷೆಯಾಗಿ ಎಳೆದರು. ಇಲ್ಲಿ ಸರಾಸರಿಯನ್ನು ನಂಬಬಾರದು. ಪಾಠಗಳ ತಾಣದ ಸರಾಸರಿ ಎರಡೂವರೆ ಜಿಬಿಯೂ ಇರಲಿಲ್ಲ, ಕಿರುಪರೀಕ್ಷೆಯ ಕಾಲು ಗಂಟೆಯಲ್ಲಿ ಮಾತ್ರ ಅದು ಐದರ ಬಳಿಗೆ ಹೋಗುತ್ತಿತ್ತು. ಆ ಶಿಖರಗಳನ್ನು ಆಧರಿಸಿ ಹೊಸ ಹಂಚಿಕೆ ಮಾಡಿದೆವು: ದಾಖಲೆಗಳಿಗೆ 8, ಪಾಠಗಳಿಗೆ 6, ಸ್ಕ್ಯಾನಿಂಗಿಗೆ 5, ಗ್ರಂಥಾಲಯಕ್ಕೆ 4, ಜಾಲತಾಣಕ್ಕೆ 2, ಕಡತಗಳಿಗೆ 2. ಪ್ರಯೋಗದ ಅತಿಥಿಯನ್ನು ನಿಲ್ಲಿಸಿದೆವು. ಅದನ್ನು ಕಡೆಯ ಬಾರಿ ಯಾರು ಬಳಸಿದ್ದರೆಂದು ಯಾರಿಗೂ ನೆನಪಿರಲಿಲ್ಲ. ಮೊತ್ತ 27. ಆತಿಥೇಯದ ಸ್ವಂತ ಖರ್ಚಿಗೆ 3, ಉಳಿತಾಯ 2. ದಾಖಲೆಗಳ ದತ್ತಾಂಶ ಸಂಗ್ರಹಕ್ಕೆ, ಯಂತ್ರದ ಸ್ಮೃತಿಯಲ್ಲಿ ಬಹುಪಾಲನ್ನು ತಾನೇ ಹಿಡಿಯಬೇಕೆಂದು ಹೇಳಿದ್ದ ಸೂಚನೆಯನ್ನು 8ಕ್ಕೆ ತಕ್ಕಂತೆ ತಿದ್ದಿದೆವು. ಹಾಗೆ ಮಾಡದೆ ಪಾಲನ್ನು ಮಾತ್ರ ಇಳಿಸಿದ್ದರೆ ಅದು ಒಳಗಿನಿಂದಲೇ ಬೀಳುತ್ತಿತ್ತು. ಕೊಲ್ಲಲೇಬೇಕಾದ ಸಂದರ್ಭ ಬಂದರೂ ದಾಖಲೆಗಳನ್ನು ಕಡೆಗೆ ಆರಿಸು, ಸ್ಕ್ಯಾನಿಂಗನ್ನು ಮೊದಲು ಆರಿಸು ಎಂದು ಆತಿಥೇಯಕ್ಕೆ ಹೇಳುವ ಅಂಕಗಳೂ ಇವೆ, −1000ದಿಂದ 1000ದವರೆಗೆ. ಅವನ್ನೂ ಬರೆದಿಟ್ಟೆವು.

ಪತ್ರವನ್ನು ಕಳುಹಿಸಿ ಸ್ಮೃತಿಯನ್ನು 64 ಜಿಬಿಗೆ ಏರಿಸಿದ್ದರೆ ದಾಖಲೆಗಳ ಸರ್ವರ್ ಬೀಳುತ್ತಿರಲಿಲ್ಲ ಎಂಬುದನ್ನು ನಾನು ಮರೆಮಾಚುವುದಿಲ್ಲ. ಭದ್ರಾವತಿಯ ಮಕ್ಕಳ ಪರೀಕ್ಷೆ ಮತ್ತು ಗ್ರಂಥಾಲಯದ ಹುಡುಕಾಟ ಮಾತ್ರ ಎಂದಿನಂತೆ ಬೀಳುತ್ತಲೇ ಇರುತ್ತಿದ್ದವು. ದಾನಿಗಳು ಕೊಟ್ಟ ಹಣ ಎಲ್ಲಿಗೆ ಹೋಯಿತೆಂದು ಕೇಳಿದ್ದರೆ ಹೇಳಲು ನನಗೆ ಉತ್ತರವಿರುತ್ತಿರಲಿಲ್ಲ. ಆ ವರ್ಷ ಯಂತ್ರಕ್ಕೆಂದು ಸಮಿತಿ ತೆಗೆದಿರಿಸಿದ್ದ ಮೊತ್ತದಲ್ಲಿ ದಾಖಲೆಗಳ ಪ್ರತಿಯನ್ನು ಪ್ರತಿರಾತ್ರಿ ಇರಿಸಲು ಒಂದು ಡಿಸ್ಕನ್ನು ತಂದು ಭದ್ರಾವತಿಯ ಶಾಲೆಯಲ್ಲಿ ಇಟ್ಟೆವು.

ಸ್ಕ್ಯಾನಿಂಗಿನ ಕೆಲಸ ಈಗ ರಾತ್ರಿ ಹತ್ತರ ಮೇಲೆ, ಏಕಕಾಲಕ್ಕೆ ಎರಡೇ ಪುಟಗಳಂತೆ ನಡೆಯುತ್ತದೆ. ಇದರಿಂದ ಬಹಳ ನಿಧಾನವಾಯಿತು. ಆ ಹಿರಿಯರು ಮತ್ತೊಮ್ಮೆ ಬಂದು ಕೇಳಿದಾಗ ಇನ್ನೂ ಆಗಿಲ್ಲವೆಂದು ಹೇಳಬೇಕಾಯಿತು. ಅವರ ಪ್ರಬಂಧವಿದ್ದ ಸಂಚಿಕೆ ಸಿಕ್ಕಿದ್ದು ಆ ವರ್ಷದ ಜುಲೈನಲ್ಲಿ. ಮುದ್ರಿಸಿ ಭದ್ರಾವತಿಗೆ ಕಳುಹಿಸಿಕೊಟ್ಟೆವು. ಉಳಿಸಿಟ್ಟ 2 ಜಿಬಿಯನ್ನು ತಮ್ಮ ವಿಭಾಗಕ್ಕೆ ಕೊಡಬೇಕೆಂದು ಈಗಾಗಲೇ ಎರಡು ಅರ್ಜಿಗಳು ನನ್ನ ಮೇಜಿಗೆ ಬಂದಿವೆ. ಎರಡಕ್ಕೂ ಇನ್ನೂ ಒಪ್ಪಿಗೆ ಕೊಟ್ಟಿಲ್ಲ.